ಅತ್ತೆಗೆ ಹೇಳಿಕೊಟ್ಟು ನಾನು ಬರೆದ ಪರೀಕ್ಷೆ

ಮನೆಯಲ್ಲಿ ಒಬ್ಬರು ಪರೀಕ್ಷೆಗೆ ಕೂತರೆ ಮನೆಮಂದಿಯೆಲ್ಲ ಪರೀಕ್ಷೆಗೆ ಕೂತ ಹಾಗೆ. ಎಸ್ಸೆಸ್ಸೆಲ್ಸಿಯ ಮಗನೋ ಪಿಯುಸಿಯ ಮಗಳೋ ಇರುವ ಮನೆಯಲ್ಲಿ ಟಿವಿಯ ಸದ್ದು ತಗ್ಗುತ್ತದೆ, ನೆಂಟರು ಬರುವುದು ಮುಂದಕ್ಕೆ ಹೋಗುತ್ತದೆ, ರಾತ್ರಿಯ ಹಾಲಿಗೆ ಬಾದಾಮಿ ಬೀಳುತ್ತದೆ. ಆದರೆ ಪರೀಕ್ಷೆಗೆ ಕೂತವಳು ಆ ಮನೆಯ ಗೃಹಿಣಿಯೇ ಆಗಿಬಿಟ್ಟರೆ? ಟಿವಿ ತಗ್ಗಿಸುವವರು ಯಾರು, ಬಾದಾಮಿ ಅರೆಯುವವರು ಯಾರು? ಓದುವ ಮೇಜೆಂಬುದೂ ಅವಳಿಗಿಲ್ಲ. ಅಡುಗೆಮನೆಯ ಕಟ್ಟೆಯೇ ಮೇಜು, ಕುಕ್ಕರಿನ ಸೀಟಿಯೇ ಗಂಟೆ.

ನಾನು ಬರೆದದ್ದು ಶಿಕ್ಷಕರ ಅರ್ಹತಾ ಪರೀಕ್ಷೆ. ಎಲ್ಲರ ಬಾಯಲ್ಲೂ ಅದು ಟಿಇಟಿ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತಲ್ಲ, ಅದರ ಬೆನ್ನಿಗೇ ಒಂದರಿಂದ ಎಂಟನೇ ತರಗತಿಯವರೆಗೆ ಕಲಿಸುವವರಿಗೆ ಈ ಪರೀಕ್ಷೆಯೂ ಬಂತು. ನಮ್ಮ ರಾಜ್ಯದಲ್ಲಿ ಮೊದಲ ಸಲ ನಡೆದದ್ದು 2014ರಲ್ಲಿ. ಒಂದರಿಂದ ಐದನೇ ತರಗತಿಗೆ ಕಲಿಸುವವರಿಗೆ ಮೊದಲನೇ ಪತ್ರಿಕೆ, ಆರರಿಂದ ಎಂಟಕ್ಕೆ ಕಲಿಸುವವರಿಗೆ ಎರಡನೇ ಪತ್ರಿಕೆ. ವಿಜ್ಞಾನದವರಿಗೆ ಎರಡನೇ ಪತ್ರಿಕೆಯಲ್ಲಿ ಶಿಶು ವಿಕಾಸ ಮತ್ತು ಬೋಧನಶಾಸ್ತ್ರಕ್ಕೆ 30 ಅಂಕ, ಎರಡು ಭಾಷೆಗಳಿಗೆ ಮೂವತ್ತು ಮೂವತ್ತು, ಗಣಿತ ಮತ್ತು ವಿಜ್ಞಾನಕ್ಕೆ ಸೇರಿ 60. ಒಟ್ಟು 150 ಪ್ರಶ್ನೆ, 150 ನಿಮಿಷ. ಶೇಕಡಾ 60 ಬಂದರೆ, ಅಂದರೆ 90 ಅಂಕ ಬಂದರೆ ಪಾಸು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1 ಮತ್ತು ವಿಶೇಷಚೇತನರಿಗೆ ಶೇಕಡಾ 55 ಸಾಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ ಎಂಬುದೊಂದು ಸಮಾಧಾನ.

ಈ ವಯಸ್ಸಿನಲ್ಲಿ ಇದರ ಹಂಗು ನನಗೇಕೆ ಬಂತೆಂದು ಹೇಳಿಬಿಡುತ್ತೇನೆ. ನಮ್ಮೂರಿನಿಂದ ಏಳು ಕಿಲೋಮೀಟರ್ ದೂರದ ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ. ವಿಜ್ಞಾನಕ್ಕೆ ಕಾಯಂ ಶಿಕ್ಷಕರಿಲ್ಲದ ಶಾಲೆ ಅದು. ಮನೆಗೆ ಬಂದ ಅತಿಥಿಗಾದರೂ ಹೊರಡುವ ದಿನ ತನ್ನ ಕೈಯಲ್ಲಿರುತ್ತದೆ. ಈ ಅತಿಥಿಗೆ ಅದೂ ಇಲ್ಲ. ಶಾಲೆ ಶುರುವಾದಾಗ ಕರೆಯುತ್ತಾರೆ, ವರ್ಷ ಮುಗಿದಾಗ ಕಳಿಸುತ್ತಾರೆ. ಮುಂದಿನ ವರ್ಷ ಕರೆ ಬರುತ್ತದೋ ಇಲ್ಲವೋ ಎಂದು ಬೇಸಿಗೆ ರಜವೆಲ್ಲ ಲೆಕ್ಕ ಹಾಕುವುದು. ಬಿ.ಎಸ್‌ಸಿ., ಬಿ.ಇಡಿ. ಇದ್ದರೂ ಟಿಇಟಿ ಇಲ್ಲದೆ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿಯನ್ನೇ ಹಾಕುವಂತಿಲ್ಲ. 2022ರಲ್ಲಿ ಅಂಥ 15,000 ಹುದ್ದೆಗಳಿಗೆ ಅರ್ಜಿ ಕರೆದಾಗ ನಾನು ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಬೀರುವಿನಲ್ಲಿಟ್ಟೆ, ಅಷ್ಟೇ.

ಅರ್ಜಿ ಹಾಕಿದ ದಿನ ಮೊದಲು ಮಾಡಿದ ಕೆಲಸ ಆಯವ್ಯಯ ಬರೆದದ್ದು. ತಿಂಗಳ ಖರ್ಚು ಬರೆಯುವ ಪುಸ್ತಕದಲ್ಲೇ ಬರೆದೆ. ಕನ್ನಡಕ್ಕೆ 22, ಇಂಗ್ಲಿಷಿಗೆ 16, ಶಿಶು ವಿಕಾಸಕ್ಕೆ 20. ಒಟ್ಟು 58. ತೊಂಬತ್ತಕ್ಕೆ ಇನ್ನು 32 ಬೇಕು. ಅದನ್ನು ಗಣಿತ-ವಿಜ್ಞಾನದ ಅರವತ್ತರಲ್ಲಿ ದುಡಿಯಬೇಕು. ಹೀಗೆ ಬರೆದಾಗ ಬೆಟ್ಟ ಸ್ವಲ್ಪ ಚಿಕ್ಕದಾಯಿತು. ಬೆಲ್ಲ, ಬೇಳೆ, ಸ್ಕೂಲ್ ಫೀಸು ಎಂದು ಹಂಚಿ ಸಂಸಾರ ನಡೆಸುವವರಿಗೆ ಅಂಕಗಳನ್ನು ಹಂಚುವುದು ಕಷ್ಟವಲ್ಲ. ಪರೀಕ್ಷೆ ಕಟ್ಟುವ ನನ್ನ ಗೆಳತಿಯರಿಗೆಲ್ಲ ಮೊದಲು ಹೇಳುವ ಮಾತು ಇದೇ: ಗೈಡು ಕೊಳ್ಳುವ ಮುಂಚೆ ಈ ಲೆಕ್ಕ ಬರೆಯಿರಿ. ಎಲ್ಲಿ ಬಲ, ಎಲ್ಲಿ ಕೊರತೆ ಅಂತ ಅರ್ಧ ಹಾಳೆಯಲ್ಲಿ ಗೊತ್ತಾಗುತ್ತದೆ.

ನನ್ನ ಕೊರತೆ ಎಲ್ಲೆಂದು ಗೊತ್ತಿತ್ತು. ನಾನು ಓದಿದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಭೌತಶಾಸ್ತ್ರ, ಗಣಿತ ಎರಡಕ್ಕೂ ಪಿಯುಸಿಯಲ್ಲೇ ಬೀಳ್ಕೊಡುಗೆ ಕೊಟ್ಟಾಗಿತ್ತು. ಆದರೆ ಆರನೇ ತರಗತಿಯ ಮಗುವಿಗೆ ವಿಜ್ಞಾನವೆಂದರೆ ಒಂದೇ. ಅದು ಬೀಜವನ್ನೂ ಕೇಳುತ್ತದೆ, ಬಲ್ಬನ್ನೂ ಕೇಳುತ್ತದೆ. "ಅದು ನನ್ನ ಸಬ್ಜೆಕ್ಟ್ ಅಲ್ಲಮ್ಮ" ಎಂದು ಅದಕ್ಕೆ ಹೇಳಲಾಗುವುದಿಲ್ಲ.

ಓದುವ ಹೊತ್ತು ಬೆಳಗಿನ ಐದರಿಂದ ಆರು. ಸಂಜೆ ಏಳರಿಂದ ಎಂಟೂವರೆ ಕೇಳಿದೆ. "ಕೇಳಿದೆ" ಎಂದೆನಲ್ಲ, ಅದು ಸುಮ್ಮನೆ ಬಂದ ಮಾತಲ್ಲ. ರಾತ್ರಿ ಅಡುಗೆಯ ಹೊತ್ತು ಅದು. ನಮ್ಮವರು "ನಾನೇ ಮಾಡ್ತೀನಿ ಬಿಡು" ಎಂದು ಎರಡು ದಿನ ಉತ್ಸಾಹದಿಂದ ಉಪ್ಪಿಟ್ಟು ಮಾಡಿದರು. ಮೂರನೆಯ ದಿನ ಮಕ್ಕಳು ಮುಖ ನೋಡಿದವು. ಆಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದರು.

"ನಾನ್ ಮಾಡ್ತೀನಿ ಕಣಮ್ಮ. ಆದ್ರೆ ಪುಕ್ಕಟೆ ಅಲ್ಲ."

"ಏನು ಬೇಕು ಅತ್ತೆ?"

"ಆ ಕರೆಂಟ್ ಮೀಟರ್ ಓದೋದು ಹೇಳ್ಕೊಡು. ಬಿಲ್ ಕೊಡೋ ಹುಡುಗ ಏನೋ ಒತ್ತಿ ಏನೋ ಹರಿದು ಕೊಟ್ಟು ಹೋಗ್ತಾನೆ. ಯೂನಿಟ್ಟು ಅಂದ್ರೆ ಏನು ಅಂತ ನನಗೂ ಗೊತ್ತಾಗ್ಬೇಕು."

2023ರಲ್ಲಿ ಗೃಹಜ್ಯೋತಿ ಬಂದಮೇಲೆ ಯೂನಿಟ್ಟಿನ ಚಿಂತೆ ಎಲ್ಲರ ಮನೆಗೂ ಬಂದಿದೆಯಲ್ಲ! ನನ್ನ ಭೌತಶಾಸ್ತ್ರದ ಮೊದಲ ಪಾಠ ಹೀಗೆ ಶುರುವಾಯಿತು. 1,000 ವಾಟ್‌ನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಕಾಯ್ದರೆ ಒಂದು ಯೂನಿಟ್. ಅದೇ ಒಂದು ಯೂನಿಟ್‌ನಲ್ಲಿ 9 ವಾಟ್‌ನ ಎಲ್‌ಇಡಿ ಬಲ್ಬು ಸುಮಾರು 111 ಗಂಟೆ ಉರಿಯುತ್ತದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ದೀಪ ಆರಿಸು ದೀಪ ಆರಿಸು ಅಂತ ಇಷ್ಟು ವರ್ಷ ನಿಮ್ಮನ್ನ ಬೈದದ್ದು ದಂಡ. ಬೈಬೇಕಾಗಿದ್ದು ಆ ಗೀಸರ್ನ" ಎಂದರು. ಬಿ.ಎಸ್‌ಸಿ. ಓದಿದ ನನಗಿಂತ ಅವರು ಬೇಗ ಸಾರಾಂಶಕ್ಕೆ ಬಂದಿದ್ದರು.

ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡೆ. ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಉಪ್ಪಿಗೆ ಸೋಡಿಯಂ ಕ್ಲೋರೈಡ್, ಅಡುಗೆ ಸೋಡಕ್ಕೆ ಸೋಡಿಯಂ ಬೈಕಾರ್ಬೊನೇಟ್, ಬಚ್ಚಲಿನ ಬಟ್ಟೆ ಸೋಡಕ್ಕೆ ಸೋಡಿಯಂ ಕಾರ್ಬೊನೇಟ್, ವೀಳ್ಯದ ಸುಣ್ಣಕ್ಕೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ನಮ್ಮವರು "ಕಾಫಿಗೆ ಸುಕ್ರೋಸ್ ಒಂದು ಚಮಚ ಕಮ್ಮಿಯಾಗಿದೆ" ಎಂದು ಹಾಸ್ಯ ಮಾಡಿದರು. ಮಾಡಲಿ ಬಿಡಿ, ಅವರಿಗೂ ಒಂದು ಪದ ಬಂತಲ್ಲ.

ನಿಜ ಹೇಳಬೇಕೆಂದರೆ ಆರರಿಂದ ಎಂಟರವರೆಗಿನ ವಿಜ್ಞಾನದಲ್ಲಿ ಬಹಳಷ್ಟು ನಮ್ಮ ಕೈಯಲ್ಲಿ ದಿನಾ ಓಡಾಡುವುದೇ. ಬಿಳಿ ರವಿಕೆಯ ಮೇಲೆ ಬಿದ್ದ ಅರಿಸಿನದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುವುದನ್ನು ನೋಡದ ಹೆಂಗಸು ಯಾರು? ಅರಿಸಿನ ಒಂದು ಸೂಚಕ, ಸಾಬೂನು ಪ್ರತ್ಯಾಮ್ಲ. ಸ್ಟೀಲ್ ಚಮಚದ ಒಳಬದಿ ನಿಮ್ನ ದರ್ಪಣ. ದೂರ ಹಿಡಿದರೆ ಮುಖ ತಲೆಕೆಳಗು. ಹೊರಬದಿ ಪೀನ ದರ್ಪಣ. ಮುಖ ನೆಟ್ಟಗೆ, ಆದರೆ ಚಿಕ್ಕದು. ಬಸ್ಸಿನ ಡ್ರೈವರ್ ಪಕ್ಕದ ಕನ್ನಡಿಯೂ ಅದೇ ಜಾತಿ. ಸನ್ನೆಗಳ ಮೂರು ವರ್ಗ ಬಾಯಿಪಾಠ ಮಾಡಿ ಸೋತವರು ಒಮ್ಮೆ ಈ ಸಾಮಾನುಗಳನ್ನು ಎದುರಿಗಿಟ್ಟುಕೊಳ್ಳಿ. ಕತ್ತರಿ ಮತ್ತು ಬಿಸಿ ಪಾತ್ರೆ ಇಳಿಸುವ ಇಕ್ಕಳಕ್ಕೆ ಆಧಾರಬಿಂದು ಮಧ್ಯದಲ್ಲಿ, ಅವು ಒಂದನೇ ವರ್ಗ. ಅಡಕತ್ತರಿಗೆ ಅಡಿಕೆ, ಅಂದರೆ ಭಾರ, ಮಧ್ಯದಲ್ಲಿ. ಅದು ಎರಡನೇ ವರ್ಗ. ಚಪಾತಿ ಸುಡುವ ಚಿಮಟಕ್ಕೆ ನಮ್ಮ ಕೈಯ ಬಲ ಮಧ್ಯದಲ್ಲಿ. ಅದು ಮೂರನೇ ವರ್ಗ. ಇನ್ನು ಮರೆಯುವುದಿಲ್ಲ.

ಕುಕ್ಕರ್ ಒಂದರಲ್ಲೇ ಒಂದು ಅಧ್ಯಾಯವಿದೆ. ನಮ್ಮ ಹಾಸನದ ಸೀಮೆ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕಾಯದೆ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸುಮಾರು 300 ಮೀಟರ್ ಏರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆಂದು ಇಟ್ಟುಕೊಳ್ಳಬಹುದು. ಕುಕ್ಕರಿನೊಳಗೆ ಹಬೆ ಹೊರಹೋಗದೆ ಒತ್ತಡ ಹೊರಗಿನ ಎರಡರಷ್ಟಾಗಿ, ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕಾಗುತ್ತದೆ. ಅಷ್ಟು ಬಿಸಿಯಲ್ಲಿ ಬೇಯುವುದರಿಂದಲೇ ಬೇಳೆ ಬೇಗ ಕರಗುವುದು. ಇಡ್ಲಿ ಹಿಟ್ಟು ಉಬ್ಬುವುದರಲ್ಲಿ ಮುಖ್ಯ ಪಾತ್ರ ಉದ್ದು-ಅಕ್ಕಿಯ ಜೊತೆಗೇ ಬರುವ ಬ್ಯಾಕ್ಟೀರಿಯಗಳದ್ದು. ಅವು ಬಿಡುವ ಇಂಗಾಲದ ಡೈ ಆಕ್ಸೈಡ್ ಹಿಟ್ಟಿನಲ್ಲಿ ಸಿಕ್ಕಿಕೊಂಡು ಹಿಟ್ಟು ಮೇಲೇರುತ್ತದೆ. ಡಿಸೆಂಬರಿನಲ್ಲಿ ಅವಕ್ಕೂ ಚಳಿ, ನಮಗೂ ಗಟ್ಟಿ ಇಡ್ಲಿ.

ಆದರೆ ಸೌಟು ಹಿಡಿದವರಿಗೆಲ್ಲ ಪರೀಕ್ಷೆ ಸಲೀಸು ಎಂದು ಹೇಳಿದರೆ ಅದು ಸುಳ್ಳು. ಕೈಗೆ ಗೊತ್ತಿರುವುದು ಬೇರೆ, ಕಾಗದದ ಮೇಲೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವುದು ಬೇರೆ. ಮೊದಲ ತೊಡಕು ಪದಗಳದು. ಕಾಲೇಜಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಿದವಳಿಗೆ ದ್ಯುತಿಸಂಶ್ಲೇಷಣೆ, ಪತ್ರರಂಧ್ರ, ತಟಸ್ಥೀಕರಣ ಎಲ್ಲ ಹೊಸದಾಗಿ ಬಾಯಿಗೆ ಹೊರಳಬೇಕು. ಜವ ಮತ್ತು ವೇಗ ಎಂದು ಎರಡು ಪದಗಳಿವೆ. ಮನೆಮಾತಿನಲ್ಲಿ ಎರಡೂ ಒಂದೇ. ಪುಸ್ತಕದಲ್ಲಿ ದಿಕ್ಕು ಸೇರಿದರೆ ಮಾತ್ರ ವೇಗ. ಬೆಳಿಗ್ಗೆ ಏಳು ಕಿಲೋಮೀಟರ್ ಶಾಲೆಗೆ ಹೋಗಿ ಸಂಜೆ ಏಳು ಕಿಲೋಮೀಟರ್ ವಾಪಸು ಬಂದರೆ ನಾನು ಚಲಿಸಿದ ದೂರ 14 ಕಿಲೋಮೀಟರ್, ಸ್ಥಾನಪಲ್ಲಟ ಮಾತ್ರ ಸೊನ್ನೆ! ದಿನವೆಲ್ಲ ಒಳಗೂ ಹೊರಗೂ ಓಡಾಡಿ ರಾತ್ರಿ ಅದೇ ಒಲೆಯ ಮುಂದೆ ನಿಲ್ಲುವವರ ಸ್ಥಾನಪಲ್ಲಟವೂ ಅಷ್ಟೇ ಎಂದು ನಗು ಬಂತು. ಹಾಗೆ ನಕ್ಕ ಮೇಲೆ ಆ ಪಾಠ ಮರೆಯಲೇ ಇಲ್ಲ.

ಎರಡನೆಯ ತೊಡಕು ಗಣಿತ. ಇಲ್ಲಿ ನನ್ನ ಗುರು ಎಂಟನೇ ತರಗತಿಯ ಮಗಳು. ಅವಳ ಮೂರು ವರ್ಷದ ಪಠ್ಯಪುಸ್ತಕಗಳನ್ನು ಅಟ್ಟದಿಂದ ಇಳಿಸಿ, ಆರನೇ ತರಗತಿಯ ಮೊದಲ ಲೆಕ್ಕದಿಂದ ಶುರು ಮಾಡಿದೆ. ದಪ್ಪ ಗೈಡುಗಳು ಉತ್ತರ ಕೊಡುತ್ತವೆ, ದಾರಿ ಕೊಡುವುದು ಪಠ್ಯಪುಸ್ತಕವೇ. ಮುಕ್ಕಾಲನ್ನು ಅರ್ಧದಿಂದ ಭಾಗಿಸಿದರೆ ಒಂದೂವರೆ ಬರುತ್ತದೆ. ಭಾಗಿಸಿದರೆ ಕಡಿಮೆಯಾಗಬೇಕಾದ್ದು ಹೆಚ್ಚಾಗುವುದು ಹೇಗೆ? ತಲೆಕೆಳಗು ಮಾಡಿ ಗುಣಿಸು ಎಂಬ ಸೂತ್ರ ಎಲ್ಲರಿಗೂ ಗೊತ್ತು, ಕಾರಣ ಕೇಳಿದರೆ ಬಾಯಿ ಕಟ್ಟುತ್ತದೆ. ಮುಕ್ಕಾಲು ಲೀಟರ್ ಹಾಲನ್ನು ಅರ್ಧ ಲೀಟರ್ ಅಳತೆಯಲ್ಲಿ ಅಳೆದು ನೋಡಿದೆವು. ಒಂದು ಅಳತೆ ತುಂಬಿ, ಇನ್ನೊಂದು ಅರ್ಧಕ್ಕೆ ನಿಂತಿತು. ಒಂದೂವರೆ ಅಳತೆ. "ಅಮ್ಮಾ, ಇದನ್ನ ನಮ್ಮ ಕ್ಲಾಸಲ್ಲಿ ಯಾರೂ ಹೀಗೆ ತೋರಿಸಿರ್ಲಿಲ್ಲ" ಎಂದಳು ಮಗಳು.

ಮೂರನೆಯದು ಶಿಶು ವಿಕಾಸ ಮತ್ತು ಬೋಧನಶಾಸ್ತ್ರ. ಬಹಳ ಜನ ಇದನ್ನು ಹೆಸರುಗಳ ಪಟ್ಟಿ ಎಂದುಕೊಳ್ಳುತ್ತಾರೆ. ಪಿಯಾಜೆ ಎಂದರೆ ಹಂತಗಳು, ವೈಗೋಟ್‌ಸ್ಕಿ ಎಂದರೆ ಸಮೀಪಸ್ಥ ವಿಕಾಸ ವಲಯ, ಸ್ಕಿನ್ನರ್ ಎಂದರೆ ಪುನರ್ಬಲನ, ಗಾರ್ಡ್‌ನರ್ ಎಂದರೆ ಬಹುಮುಖ ಬುದ್ಧಿಮತ್ತೆ. ಪಿಯಾಜೆ, ವೈಗೋಟ್‌ಸ್ಕಿ ಇಬ್ಬರೂ ಹುಟ್ಟಿದ್ದು 1896ರಲ್ಲಿ ಎಂಬುದನ್ನೂ ನೆನಪಿಟ್ಟುಕೊಂಡೆ. ಆದರೆ ಪಕ್ಕದ ಮನೆಯ ಐದು ವರ್ಷದ ಪುಟ್ಟನ ಮುಂದೆ ಎರಡು ಲೋಟ ಇಟ್ಟ ದಿನ ಪಿಯಾಜೆ ನಿಜವಾಗಿ ಅರ್ಥವಾದದ್ದು. ಒಂದೇ ಸಮ ಇದ್ದ ಎರಡು ಲೋಟದ ಹಾಲಿನಲ್ಲಿ ಒಂದನ್ನು ಅವನೆದುರಿಗೇ ಉದ್ದನೆಯ ಸಪೂರ ಲೋಟಕ್ಕೆ ಬಗ್ಗಿಸಿದೆ. "ಯಾವುದ್ರಲ್ಲಿ ಜಾಸ್ತಿ?" ಅವನು ಉದ್ದ ಲೋಟವನ್ನೇ ತೋರಿಸಿದ. ಮತ್ತೆ ಮೊದಲಿನ ಲೋಟಕ್ಕೆ ಹಾಕಿ ತೋರಿಸಿದರೆ ಸಮ ಎಂದ, ಮತ್ತೆ ಉದ್ದಕ್ಕೆ ಹಾಕಿದರೆ ಜಾಸ್ತಿ ಎಂದ. ಅವನು ದಡ್ಡನಲ್ಲ. ಅವನ ಕಣ್ಣಿಗೆ ಎತ್ತರವೊಂದೇ ಕಾಣುವ ವಯಸ್ಸು ಅದು. ಏಳು ವರ್ಷದ ಹೊತ್ತಿಗೆ ಇದು ತಾನಾಗಿ ಸರಿಹೋಗುತ್ತದೆಂಬುದನ್ನು ಅರಿಯದೆ ನಾವು ಮಗುವನ್ನು ಗದರಿಸುತ್ತೇವೆ.

ತಪ್ಪು ಉತ್ತರದ ಹಿಂದೆಯೂ ಒಂದು ಯೋಚನೆ ಇರುತ್ತದೆ. ಅದನ್ನು ಕೇಳಿ ತಿಳಿದುಕೊಳ್ಳದೆ ಸರಿ ಉತ್ತರವನ್ನು ಅದರ ಮೇಲೆ ಹೇರಿದರೆ ಅದು ನಿಲ್ಲುವುದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಕೇಂದ್ರದಲ್ಲಿರುವುದೂ ಇದೇ ಮಾತು: ಮಗು ತನ್ನ ಅನುಭವದಿಂದ ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳುತ್ತದೆ. ಮಗು ತಪ್ಪು ಹೇಳಿದಾಗ ಶಿಕ್ಷಕಿ ಏನು ಮಾಡಬೇಕು ಎಂಬ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಸಿಕ್ಕೇ ಸಿಗುತ್ತದೆ. ಸರಿಯಾದ ಅಕ್ಷರಕ್ಕೆ ಗುಂಡಿ ತುಂಬುವುದು ಸುಲಭ. ಮಾಡುವುದು ಕಷ್ಟ. ಅದನ್ನು ನನಗೆ ಕಲಿಸಿದವರು ನನ್ನ ಅತ್ತೆ.

ಒಂದು ಸಂಜೆ ಋತುಗಳ ಪಾಠ ಓದುತ್ತಿದ್ದೆ. ಗಟ್ಟಿಯಾಗಿ ಓದುವುದು ನನ್ನ ರೂಢಿ. ಅತ್ತೆ ರೊಟ್ಟಿ ತಟ್ಟುತ್ತಾ ಕೇಳಿಸಿಕೊಳ್ಳುತ್ತಿದ್ದರು.

"ಅದಕ್ಕೇನೇ ಅಷ್ಟೊಂದು ಓದೋದು? ಸೂರ್ಯನ ಹತ್ರ ಹೋದಾಗ ಬೇಸಿಗೆ, ದೂರ ಹೋದಾಗ ಚಳಿ. ಒಲೆ ಹತ್ರ ಕೂತ್ರೆ ಬಿಸಿ ಆಗಲ್ವೆ?"

"ಅಲ್ಲ ಅತ್ತೆ. ಜನವರಿ ಮೊದಲಲ್ಲೇ ಭೂಮಿ ಸೂರ್ಯನಿಗೆ ಹತ್ತಿರ ಇರೋದು, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈ ಮೊದಲಲ್ಲಿ ದೂರ, 15.2 ಕೋಟಿ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿರೋದ್ರಿಂದ ಋತುಗಳು ಆಗೋದು."

ಪುಸ್ತಕದಲ್ಲಿದ್ದದ್ದು ಅಷ್ಟೂ ಸರಿ. ಅತ್ತೆ ರೊಟ್ಟಿ ಮಗುಚಿ, "ಇರಬಹುದು ಬಿಡು. ನಿನ್ನ ಪುಸ್ತಕದಲ್ಲಿ ಹಾಗೆ ಬರೆದವ್ರೆ" ಎಂದರು. ಅಂದರೆ ಒಪ್ಪಲಿಲ್ಲ. ನನ್ನ ಶಾಲೆಯ ಮಕ್ಕಳೂ ಹೀಗೇ "ಹೂಂ ಮಿಸ್" ಎನ್ನುತ್ತವೆ. ಒಲೆ ಹತ್ತಿರ ಕೂತರೆ ಬಿಸಿ ಎಂಬುದು ಅರವತ್ತು ವರ್ಷ ಒಲೆಯ ಮುಂದೆ ಕೂತವರ ಅನುಭವ. ಅದರ ಎದುರು 23.5 ಎಂಬ ಅಂಕಿ ಏನು ಮಾಡೀತು?

ಮಾರನೆಯ ದಿನ ಬೇರೆ ಕಡೆಯಿಂದ ಹೋದೆ. ನನ್ನ ನಾದಿನಿಯ ಮಗಳು ಮೆಲ್ಬರ್ನಿನಲ್ಲಿದ್ದಾಳೆ. ವಾರಕ್ಕೊಮ್ಮೆ ಅಜ್ಜಿಗೆ ಫೋನ್ ಮಾಡುತ್ತಾಳೆ.

"ಅತ್ತೆ, ಮೊಮ್ಮಗಳು ಸ್ವೆಟರ್ ಹಾಕ್ಕೊಂಡು ನಡುಗ್ತಾ ಮಾತಾಡಿದ್ದು ಯಾವಾಗ?"

"ಜೂನ್ ಜುಲೈನಲ್ಲಿ."

"ಸಂಕ್ರಾಂತಿ ಹೊತ್ತಿಗೆ?"

"ಸೆಖೆ ಅಂತಿದ್ಲು, ಫ್ಯಾನ್ ಹಾಕ್ಕೊಂಡು." ಅತ್ತೆಯ ಕೈ ನಿಂತಿತು. "ಅಲ್ಲ ಕಣೇ, ಇಬ್ರೂ ಇರೋದು ಒಂದೇ ಭೂಮಿ ಮೇಲೆ. ಹತ್ರ ಹೋದ್ರೆ ಇಬ್ರಿಗೂ ಬೇಸಿಗೆ ಆಗ್ಬೇಕಿತ್ತಲ್ಲ?"

ಈ ಪ್ರಶ್ನೆ ನಾನು ಕೇಳಿದ್ದಲ್ಲ, ಅವರೇ ಕೇಳಿಕೊಂಡದ್ದು. ಆಮೇಲೆ ದೀಪ ಆರಿಸಿ, ಮೊರದ ಮೇಲೆ ಟಾರ್ಚು ಬಿಟ್ಟೆವು. ಮೊರವನ್ನು ಟಾರ್ಚಿಗೆ ನೇರ ಹಿಡಿದರೆ ಬೆಳಕು ಒಂದು ಪುಟ್ಟ ದುಂಡು, ಕಣ್ಣು ಕೋರೈಸುವಷ್ಟು. ಮೊರ ವಾಲಿಸಿದರೆ ಅದೇ ಬೆಳಕು ಉದ್ದಕ್ಕೆ ಹರಡಿ ತೆಳ್ಳಗಾಯಿತು. ಅದೇ ಟಾರ್ಚು, ಅದೇ ದೂರ. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಕಾಲಡಿಗೆ ಹೋಗುತ್ತದಲ್ಲ, ಅದು ಮೊರ ನೇರ ಹಿಡಿದ ಹಾಗೆ ಎಂದೆ. "ಹಾಗೆ ಹೇಳು ಮತ್ತೆ" ಎಂದರು ಅತ್ತೆ. ಆ ಸಂಜೆ ರೊಟ್ಟಿ ಒಂದೆರಡು ಸೀದಿದ್ದವು. ಯಾರೂ ಏನೂ ಅನ್ನಲಿಲ್ಲ.

ಇದನ್ನೇ ಶಾಲೆಗೆ ತೆಗೆದುಕೊಂಡು ಹೋದೆ. ಏಳನೇ ತರಗತಿಯಲ್ಲಿ ಉಷ್ಣದ ಪಾಠ. ಕಂಬಳಿ ಏನು ಮಾಡುತ್ತದೆ ಎಂದು ಕೇಳಿದೆ. ವರ್ಷವೆಲ್ಲ ಬಾಯಿ ಬಿಡದೆ ಹಿಂದಿನ ಸಾಲಿನಲ್ಲಿ ಕೂರುವ ಒಬ್ಬ ಹುಡುಗಿ, ಅವರಪ್ಪ ಕುರಿ ಕಾಯುವವರು, ಮೆಲ್ಲಗೆ "ಕಂಬಳಿ ಬಿಸಿ ಕೊಡುತ್ತೆ ಮಿಸ್" ಎಂದಳು. ಮುಂದಿನ ಸಾಲಿನವರು ನಕ್ಕರು, ಗೈಡು ನೋಡಿಕೊಂಡು ಬಂದವರು. ನಾನು ನಗುವವರನ್ನು ಸುಮ್ಮನಿರಿಸಿ, "ಹೌದಾ? ಹಾಗಾದ್ರೆ ಐಸನ್ನ ಕಂಬಳಿಯಲ್ಲಿ ಸುತ್ತಿಟ್ಟರೆ ಏನಾಗುತ್ತೆ?" ಎಂದೆ. "ಬೇಗ ಕರಗುತ್ತೆ" ಎಂದಳು. ಅವಳ ಲೆಕ್ಕದಲ್ಲಿ ಅದೇ ಸರಿ. ಮರುದಿನ ಅವಳೇ ಮನೆಯಿಂದ ಕಂಬಳಿಯ ತುಂಡು ತಂದಳು, ನಾನು ಬಸ್ ನಿಲ್ದಾಣದ ಜ್ಯೂಸ್ ಅಂಗಡಿಯಿಂದ ಐಸ್ ತಂದೆ. ಒಂದು ತುಂಡು ತಟ್ಟೆಯಲ್ಲಿ ಹಾಗೇ, ಒಂದು ಕಂಬಳಿಯಲ್ಲಿ. ತಟ್ಟೆಯದು ನೀರಾಗಿ ಹೋದಾಗಲೂ ಕಂಬಳಿಯೊಳಗಿನದು ಗಟ್ಟಿಯಾಗಿತ್ತು. ಹುಡುಗಿ ಕಂಬಳಿ ಬಿಚ್ಚಿ, ಮುಟ್ಟಿ ನೋಡಿ, ಬಹಳ ಹೊತ್ತು ಯೋಚಿಸಿ ಹೇಳಿದಳು: "ಮಿಸ್, ಕಂಬಳಿ ಬಿಸಿ ಕೊಡಲ್ಲ. ಇರೋದನ್ನ ಹೋಗೋಕೂ ಬಿಡಲ್ಲ, ಬರೋಕೂ ಬಿಡಲ್ಲ." ಉಷ್ಣದ ಅವಾಹಕ ಎಂಬ ಪದವನ್ನು ನಾನು ಆಮೇಲೆ ಹಲಗೆಯ ಮೇಲೆ ಬರೆದೆ. ಪದಕ್ಕಿಂತ ಮೊದಲು ಅರ್ಥ ಅವಳ ಕೈಗೆ ಬಂದಿತ್ತು.

ಆ ದಿನದಿಂದ ನನ್ನ ಚಿಂತೆ ಬೇರೆಯಾಯಿತು. ಅದುವರೆಗೆ ನನಗೆ ಕೆಲಸ ಸಿಗುತ್ತದೋ ಇಲ್ಲವೋ ಎಂಬುದೇ ದೊಡ್ಡದು. ಈಗ, ನಾನು ಪಾಸಾಗದೆ ಮುಂದಿನ ವರ್ಷ ಬರಲಾಗದಿದ್ದರೆ ಈ ಹುಡುಗಿಯ ಎಂಟನೇ ತರಗತಿಯ ವಿಜ್ಞಾನ ಯಾರ ಕೈಯಲ್ಲಿ ಎಂಬುದೂ ಸೇರಿಕೊಂಡಿತು.

ಅಷ್ಟರಲ್ಲಿ ಶಾಲೆಯ ಕಾಯಂ ಶಿಕ್ಷಕಿಯೊಬ್ಬರೂ ನನ್ನ ಜೊತೆಗಾರ್ತಿಯಾದರು. ಬಹಳ ವರ್ಷದ ಸರ್ವೀಸಿನವರು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದು ತೀರ್ಪು ಕೊಟ್ಟಿತಲ್ಲ, ಆ ಸುದ್ದಿ ಬಂದ ದಿನ ಅವರ ಮುಖ ಬಾಡಿತ್ತು. "ಇಷ್ಟು ವರ್ಷ ಕಲಿಸಿದ್ದಕ್ಕೆ ಈಗ ಪರೀಕ್ಷೆಯೇ?" ಎಂದರು. ಅವರ ನೋವು ನ್ಯಾಯವಾದದ್ದೇ. ಮಧ್ಯಾಹ್ನದ ಬಿಸಿಯೂಟ ಬಡಿಸಿ ಮುಗಿದ ಮೇಲೆ ಇಬ್ಬರೂ ಹದಿನೈದು ನಿಮಿಷ ಕೂತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸತೊಡಗಿದೆವು. ಅವರು ನನಗೆ ಕನ್ನಡ ವ್ಯಾಕರಣ, ನಾನು ಅವರಿಗೆ ಪಿಯಾಜೆ.

ಪರೀಕ್ಷೆ ಜಿಲ್ಲಾ ಕೇಂದ್ರದಲ್ಲಿ. ಕೇಂದ್ರದ ಗೇಟಿನ ಹೊರಗೆ ಹೊಂಗೆ ಮರದಡಿ ಗಂಡಂದಿರು, ಅಜ್ಜಿಯರು ಕೂಸುಗಳನ್ನು ಎತ್ತಿಕೊಂಡು ನಿಂತಿದ್ದರು. ಒಬ್ಬಾಕೆ ಗಂಟೆ ಹೊಡೆಯುವ ತನಕ ಮಗುವಿಗೆ ಹಾಲು ಕುಡಿಸಿ, ಸೆರಗು ಸರಿಮಾಡಿಕೊಂಡು ಓಡಿದಳು. ಒಳಗೆ ಒಂದು ಪ್ರಶ್ನೆಗೆ ಒಂದು ನಿಮಿಷ. ಓಎಂಆರ್ ಹಾಳೆಯ ಗುಂಡಿ ತುಂಬುವುದೂ ಅದರಲ್ಲೇ. ನಾನು ಮೊದಲು ಭಾಷೆಗಳನ್ನೂ ಶಿಶು ವಿಕಾಸವನ್ನೂ ಎಂಬತ್ತು ನಿಮಿಷದಲ್ಲಿ ಮುಗಿಸಿ, ಉಳಿದ ಎಪ್ಪತ್ತನ್ನು ಗಣಿತ-ವಿಜ್ಞಾನಕ್ಕೆ ಇಟ್ಟುಕೊಂಡಿದ್ದೆ. ಬಾರದ ಲೆಕ್ಕದ ಮುಂದೆ ಕೂರಲಿಲ್ಲ. ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಸಾಲನ್ನೂ ಖಾಲಿ ಬಿಡಲಿಲ್ಲ.

ಫಲಿತಾಂಶ ಬಂತು. 101. ನಮ್ಮವರು ಪೇಡ ತಂದರು. ಅತ್ತೆ ಕೇಳಿದ್ದು ಒಂದೇ: "ಕೆಲಸ ಯಾವಾಗಿಂದ?" ಟಿಇಟಿ ಅರ್ಹತೆ ಮಾತ್ರ, ಕೆಲಸವಲ್ಲ, ಹುದ್ದೆಗೆ ಅರ್ಜಿ ಕರೆದಾಗ ಇನ್ನೊಂದು ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು ಎಂದು ವಿವರಿಸಿದೆ. ಒಂದು ಒಳ್ಳೆಯದೆಂದರೆ ಈ ಪ್ರಮಾಣಪತ್ರಕ್ಕೆ ಮೊದಲಿದ್ದ ಏಳು ವರ್ಷದ ಗಡುವು 2021ರಲ್ಲಿ ಹೋಗಿ, ಅದು ಜೀವನಪೂರ್ತಿ ಊರ್ಜಿತವಾಯಿತು. ಅತ್ತೆಗೆ ಈ ವ್ಯವಸ್ಥೆ ಅಷ್ಟು ಹಿಡಿಸಲಿಲ್ಲ. "ಹಾಗಾದ್ರೆ ಸಂಜೆ ಅಡುಗೆ ಇನ್ನೂ ನನ್ನದೇ ಅನ್ನು" ಎಂದರು. ಹೌದು, ಅವರದೇ. ಈಗ ಎಂಟನೇ ತರಗತಿಯ ಬೆಳಕಿನ ಪಾಠ ನಡೆಯುತ್ತಿದೆ.

ನಿಮ್ಮಲ್ಲಿ ಯಾರಾದರೂ ಹಳೆಯ ಬಿ.ಇಡಿ. ಪ್ರಮಾಣಪತ್ರವನ್ನು ಸೀರೆಗಳ ಕೆಳಗೆ ಇಟ್ಟಿದ್ದರೆ ಹೊರಗೆ ತೆಗೆಯಿರಿ. ಆರು, ಏಳು, ಎಂಟನೇ ತರಗತಿಯ ಪಠ್ಯಪುಸ್ತಕ ಮೊದಲು, ಗೈಡು ಆಮೇಲೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದ ಹಳೆಯ ಸಂಚಿಕೆ ಸಿಕ್ಕರೆ ಬಿಡಬೇಡಿ. ಓದಿದ್ದನ್ನು ಮನೆಯಲ್ಲಿ ಒಬ್ಬರಿಗೆ ಹೇಳಿ, ಅವರು ಒಪ್ಪದಿದ್ದರೆ ಏಕೆಂದು ಕೇಳಿ.

ಭಾನುವಾರಕ್ಕೊಂದು ಪ್ರಯೋಗ ಬೇಕಿದ್ದರೆ ಇಲ್ಲಿದೆ: ಐದಾರು ಕೆಂಪು ದಾಸವಾಳದ ದಳಗಳನ್ನು ಒಂದು ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿ. ಎರಡು ಬಟ್ಟಲಿಗೆ ಹಂಚಿ, ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡ ಹಾಕಿ. ಹಾಕುವ ಮುಂಚೆ ಯಾವ ಬಣ್ಣ ಬರುತ್ತದೆಂದು ಮಕ್ಕಳನ್ನು ಕೇಳಿ. ಉತ್ತರ ಗುಲಾಬಿ ಮತ್ತು ಹಸಿರು. ಅವರು ಬೇರೇನಾದರೂ ಹೇಳಿದರೆ ಇನ್ನೂ ಒಳ್ಳೆಯದು.